ಒಂದೇ ತಿಂಗಳಲ್ಲಿ ಎರಡು ಸಲ ಹೊಟ್ಟೆಶೂಲೆ: ಕುದುರೆಯ ಮೇವಿನಲ್ಲಿ ತಪ್ಪೇ, ಬೇರೆ ಕಾರಣವೇ?

ಪ್ರಶ್ನೆ: ಗಂಜಾಂ, ಶ್ರೀರಂಗಪಟ್ಟಣ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಸುಮಾರು 16 ವರ್ಷದ ಒಂದು ಹೆಣ್ಣು ಕುದುರೆ ಇದೆ. ತಂದೆಯವರ ಕಾಲದಲ್ಲಿ ಟಾಂಗಾ ಎಳೆಯುತ್ತಿದ್ದ ಇದು ಈಗ ಮದುವೆ ಮೆರವಣಿಗೆಗೂ ಸುತ್ತಮುತ್ತಲಿನ ಊರಹಬ್ಬಗಳಿಗೂ ಮಾತ್ರ ಹೋಗುತ್ತದೆ; ಉಳಿದ ದಿನಗಳಲ್ಲಿ ಹೊಳೆದಂಡೆಯಲ್ಲಿ ಕಟ್ಟಿ ಮೇಯಿಸುತ್ತೇವೆ. ಇಷ್ಟು ವರ್ಷ ಹೇಳಿಕೊಳ್ಳುವಂಥ ಕಾಯಿಲೆ ಇದಕ್ಕೆ ಬಂದಿರಲಿಲ್ಲ. ಕಳೆದ ಒಂದು ತಿಂಗಳಲ್ಲಿ ಎರಡು ಸಲ ಹೊಟ್ಟೆಶೂಲೆ ಬಂದುದರಿಂದ ಮನೆಮಂದಿಯೆಲ್ಲ ಹೆದರಿದ್ದೇವೆ.

ಮೊದಲ ಸಲ ಆದದ್ದು ಹೀಗೆ. ಭತ್ತದ ಕೊಯ್ಲು ಮುಗಿದು ಹುಲ್ಲು ಮನೆಗೆ ಬಂದಿದ್ದರಿಂದ, ಅದುವರೆಗೆ ಕೊಡುತ್ತಿದ್ದ ಹಸಿಹುಲ್ಲನ್ನು ಕಡಿಮೆ ಮಾಡಿ ಭತ್ತದ ಹುಲ್ಲನ್ನೂ, ಗದ್ದೆಯಿಂದ ತಂದ ಕಬ್ಬಿನ ಸೋಗೆಯನ್ನೂ ಹಾಕಲು ತೊಡಗಿದ್ದೆವು. ಆ ವಾರವೇ ಪಾಂಡವಪುರದ ಕಡೆ ಒಂದು ಮದುವೆಯಿತ್ತು. ಸಂಜೆ 4ರಿಂದ ರಾತ್ರಿ 11ರವರೆಗೆ ಕುದುರೆ ಬ್ಯಾಂಡು, ಪಟಾಕಿ, ದೀಪಗಳ ನಡುವೆ ನಿಂತೇ ಇತ್ತು. ಅಲ್ಲಿ ಒಂದು ಬಕೆಟ್ ನೀರು ಇಟ್ಟರೂ ಮೂಸಿ ಬಿಟ್ಟಿತು. ಮನೆಗೆ ಬಂದ ಮೇಲೆ ಪಾಪ ಹಸಿದಿದೆಯೆಂದು ನೆನೆಸಿದ ಹುರುಳಿಯನ್ನು ಎಂದಿಗಿಂತ ಎರಡು ಪಟ್ಟು ಇಟ್ಟೆ. ಬೆಳಗ್ಗೆ ನೋಡಿದರೆ ಮುಂಗಾಲಿನಿಂದ ನೆಲ ಕೆರೆಯುತ್ತಿದೆ, ಮತ್ತೆ ಮತ್ತೆ ಅಳ್ಳೆಯ ಕಡೆ ತಿರುಗಿ ನೋಡುತ್ತಿದೆ, ಮಲಗುತ್ತದೆ, ಏಳುತ್ತದೆ, ಲದ್ದಿ ಹಾಕಿಲ್ಲ. ದನಕರುಗಳಿಗೆ ಔಷಧಿ ಮಾಡುವ ನಮ್ಮ ಬೀದಿಯ ಹಿರಿಯರೊಬ್ಬರು ಬಂದು, ಕಡಲೆಕಾಯಿ ಎಣ್ಣೆಗೆ ಇಂಗು ಮತ್ತು ಓಮವನ್ನು ಕಲಸಿ, ಗೊಟ್ಟದಲ್ಲಿ, ಅಂದರೆ ದನಗಳಿಗೆ ಔಷಧಿ ಕುಡಿಸುವ ಬಿದಿರಿನ ಕೊಳವೆಯಲ್ಲಿ, ಮೂಗಿನ ಹೊಳ್ಳೆಗೆ ಹಾಕಿ ಕುಡಿಸಿದರು. ಮಧ್ಯಾಹ್ನದ ಮೇಲೆ ಲದ್ದಿ ಬಿತ್ತು, ಕುದುರೆ ಚೇತರಿಸಿಕೊಂಡಿತು. ಆದರೆ ಮೂರು ದಿನ ಕೆಮ್ಮುತ್ತಿತ್ತು.

ಎರಡನೆಯ ಸಲ, ಅಂದರೆ ಅದಾದ 19 ದಿನಗಳಿಗೆ, ಮೆರವಣಿಗೆಯೂ ಇರಲಿಲ್ಲ, ಹುರುಳಿಯನ್ನೂ ಅಳತೆಯಲ್ಲೇ ಕೊಟ್ಟಿದ್ದೆ. ಆದರೂ ಅದೇ ನೋವು ಬಂತು. ಈ ಬಾರಿ ಪಶುವೈದ್ಯರನ್ನು ಕರೆಸಿದೆವು. ಅವರು ನರಕ್ಕೆ ಇಂಜೆಕ್ಷನ್ ಕೊಟ್ಟು, ಮೂಗಿನಿಂದ ಕೊಳವೆ ಇಳಿಸಿ ಔಷಧಿ ಹಾಕಿದರು, ಮರುದಿನಕ್ಕೆ ಸರಿಹೋಯಿತು. ಹೋಗುವಾಗ ಅವರು, ಕಾರಣವನ್ನು ಕಂಡುಹಿಡಿಯದೆ ಬಿಟ್ಟರೆ ಮತ್ತೆ ಬರುತ್ತದೆ ಎಂದು ಎಚ್ಚರಿಸಿದರು.

ಭತ್ತದ ಹುಲ್ಲು ಕಾರಣವೋ ಹುರುಳಿ ಕಾರಣವೋ ನನಗೆ ತಿಳಿಯುತ್ತಿಲ್ಲ. ಮಲಗಲು ಬಿಟ್ಟರೆ ಕರುಳು ತಿರುಚಿಕೊಳ್ಳುತ್ತದೆ, ಆದ್ದರಿಂದ ರಾತ್ರಿಯಿಡೀ ನಡೆಸಬೇಕೆಂದು ನಮ್ಮ ತಾಯಿ ಹೇಳುತ್ತಾರೆ, ಅದು ಸರಿಯೇ? ಗೊಟ್ಟ ಹಾಕಿದ್ದು ತಪ್ಪಾಯಿತೇ? ಅನುಭವ ಇರುವವರು ದಯವಿಟ್ಟು ತಿಳಿಸಿ.

ಉತ್ತರ: ನಜರ್‌ಬಾದ್, ಮೈಸೂರು

ನಮ್ಮದು ತಾತನ ಕಾಲದಿಂದ ಅರಮನೆಯ ಸುತ್ತ ಟಾಂಗಾ ಓಡಿಸಿದ ಮನೆ. ಈಗ ಗಾಡಿಗಳೂ ಕಡಿಮೆಯಾಗಿವೆ, ಲಾಳ ಹೊಡೆಯುವವರೂ ಕಡಿಮೆಯಾಗಿದ್ದಾರೆ. ಆದರೂ ಎರಡು ಕುದುರೆಗಳನ್ನು ಉಳಿಸಿಕೊಂಡಿದ್ದೇವೆ. ನಾನು ವೈದ್ಯನಲ್ಲ, ಲಾಯದಲ್ಲಿ ಬೆಳೆದವನು, ಅಷ್ಟೇ.

ನೀವು ಬರೆದುದರಲ್ಲಿ ನನಗೆ ಮೊದಲು ಕಂಡ ತಪ್ಪೆಂದರೆ, ಏಳು ಗಂಟೆ ಹಸಿದು ದಣಿದು ಬಂದ ಕುದುರೆಗೆ ಒಮ್ಮೆಲೇ ಕಾಳು ಇಟ್ಟದ್ದು. ನಮ್ಮ ತಂದೆಯವರು ಗಾಡಿ ಬಿಚ್ಚಿದ ಕೂಡಲೇ ಕಾಳಿನ ಚೀಲವನ್ನು ಮುಟ್ಟಲು ಬಿಡುತ್ತಿರಲಿಲ್ಲ. ಮೈ ಆರುವವರೆಗೆ ನಿಧಾನವಾಗಿ ನಡೆಸಿ, ಸ್ವಲ್ಪ ಸ್ವಲ್ಪವಾಗಿ ನೀರು ಕುಡಿಸಿ, ಮೊದಲು ಒಂದು ಹಿಡಿ ಗರಿಕೆಯನ್ನೋ ಒಣಹುಲ್ಲನ್ನೋ ಹಾಕಿ, ಅದನ್ನು ಅಗಿದು ಮುಗಿಸಿದ ಮೇಲೆ, ಅಂದರೆ ಸುಮಾರು ಒಂದು ಗಂಟೆ ಕಳೆದ ಮೇಲೆಯೇ ಹುರುಳಿ. ಅದೂ ದಿನದ ಪಾಲನ್ನು ಮೂರು ಹೊತ್ತಿಗೆ ಹಂಚಿ. ಹೊರಗೆ ಹೋದಾಗ ಮನೆಯ ಬಕೆಟ್ಟನ್ನೇ ಗಾಡಿಯ ಕೆಳಗೆ ತೂಗುಹಾಕಿಕೊಂಡು ಹೋಗುತ್ತಿದ್ದರು. ಬೇರೆಯವರ ಬಕೆಟ್ಟಿನ ಸೋಪಿನ ವಾಸನೆಗೆ ಎಷ್ಟೋ ಕುದುರೆಗಳು ನೀರು ಮುಟ್ಟುವುದಿಲ್ಲ.

ಕಾಳಿನ ವಿಷಯದಲ್ಲಿ ನಾನು ಇಷ್ಟು ಕಟ್ಟುನಿಟ್ಟಾಗಿ ಹೇಳುವುದಕ್ಕೆ ಕಾರಣವಿದೆ. ನಾನು ಹುಡುಗನಾಗಿದ್ದಾಗ ನಮ್ಮ ಒಂದು ಕುದುರೆ ರಾತ್ರಿ ಹಗ್ಗ ಬಿಚ್ಚಿಕೊಂಡು ಕಾಳಿನ ಚೀಲಕ್ಕೆ ಬಾಯಿ ಹಾಕಿತ್ತು. ಬೆಳಗ್ಗೆ ಹೊಟ್ಟೆ ಉಬ್ಬರಿಸಿತ್ತು, ಅದು ಹೇಗೋ ಇಳಿಯಿತು. ಗಂಡಾಂತರ ಕಳೆಯಿತೆಂದು ನಾವು ಸಮಾಧಾನಪಟ್ಟೆವು. ಎರಡನೆಯ ದಿನ ಮುಂಗಾಲುಗಳ ಗೊರಸು ಕಾದ ಹಂಚಿನಂತೆ ಬಿಸಿಯಾಗಿ, ಮೈಭಾರವನ್ನೆಲ್ಲ ಹಿಂಗಾಲಿಗೆ ಹಾಕಿ ನಿಂತಿತು. ಆಮೇಲೆ ಅದು ಗಾಡಿಗೆ ಬರಲೇ ಇಲ್ಲ. ಹೊಟ್ಟೆಯ ಕಾಯಿಲೆ ಗೊರಸಿಗೆ ಇಳಿಯುತ್ತದೆ ಎಂದು ನಮ್ಮವರು ಹೇಳುತ್ತಿದ್ದ ಮಾತನ್ನು ಅಂದು ಕಣ್ಣಾರೆ ಕಂಡೆ.

ರಾತ್ರಿಯಿಡೀ ನಡೆಸುವುದರ ಬಗ್ಗೆ ನನಗೆ ಮನಸ್ಸು ಒಪ್ಪುವುದಿಲ್ಲ. ಹಾಗೆ ನಡೆಸಿ ನಡೆಸಿ ಕುದುರೆಯೂ ಮನುಷ್ಯನೂ ಸೋತು ಕುಸಿದದ್ದನ್ನು ನೋಡಿದ್ದೇನೆ. ಇನ್ನು ಮೇಲೆ ದಿನವೂ ಎರಡು ಹೊತ್ತು ಬೂಸಾವನ್ನು ಬಿಸಿನೀರಿನಲ್ಲಿ ಕಲಸಿ, ಒಂದು ಹಿಡಿ ಉಪ್ಪು ಹಾಕಿ ಕೊಡಿ. ಹೊಟ್ಟೆ ತಂಪಾಗಿ ಸಲೀಸಾಗಿ ಹೋಗುತ್ತದೆ. ಭತ್ತದ ಹುಲ್ಲನ್ನು ಹಸುವಿಗೆ ಬಿಟ್ಟುಬಿಡಿ.

ಉತ್ತರ: ನಿವೃತ್ತ ಪಶುವೈದ್ಯ, ಮಂಡ್ಯ

ಪ್ರಶ್ನೆ ಕೇಳಿದವರು ತಮ್ಮ ಕಡೆಯ ತಪ್ಪನ್ನೂ ಮುಚ್ಚಿಡದೆ ಬರೆದಿರುವುದರಿಂದ ಉತ್ತರ ಹೇಳುವುದು ಸುಲಭವಾಯಿತು. ಆದರೂ ಕುದುರೆಯನ್ನು ಕಾಣದೆ ಹೇಳುವ ಮಾತಿದು. ಇದನ್ನು ಚಿಕಿತ್ಸೆಯೆಂದು ಭಾವಿಸದೆ, ನಿಮ್ಮ ವೈದ್ಯರೊಡನೆ ಮಾತನಾಡಲು ಮಾಡಿಕೊಳ್ಳುವ ಸಿದ್ಧತೆಯೆಂದು ಭಾವಿಸಬೇಕು.

ನಮ್ಮ ಜಿಲ್ಲೆಯಲ್ಲಿ ಮನೆಮನೆಗೂ ಹಸು ಎಮ್ಮೆಗಳಿರುವುದರಿಂದ ಕುದುರೆಯನ್ನೂ ನಾವು ಹಸುವಿನ ಕಣ್ಣಿನಿಂದಲೇ ನೋಡುತ್ತೇವೆ. ಹೆಚ್ಚಿನ ತೊಂದರೆ ಶುರುವಾಗುವುದು ಅಲ್ಲಿಂದಲೇ. ಹಸುವಿನ ಮೊದಲ ಹೊಟ್ಟೆ 100 ಲೀಟರಿಗೂ ಮಿಕ್ಕಿದ ಒಂದು ದೊಡ್ಡ ಗುಡಾಣ. ಒರಟು ಮೇವು ಅಲ್ಲಿ ನೆನೆದು, ಹುದುಗಿ, ಮತ್ತೆ ಬಾಯಿಗೆ ಬಂದು ಮೆಲುಕಿಗೆ ಸಿಗುತ್ತದೆ. ಕುದುರೆಗೆ ಎರಡನೆಯ ಸಲ ಅಗಿಯುವ ಅವಕಾಶವಿಲ್ಲ. ಅದರ ಜಠರ ದೊಡ್ಡ ಜಾತಿಯ ಕುದುರೆಯಲ್ಲಿಯೂ 8ರಿಂದ 15 ಲೀಟರಿನಷ್ಟು ಮಾತ್ರ, ನಿಮ್ಮಂಥ ನಾಡಕುದುರೆಯಲ್ಲಿ ಇನ್ನೂ ಚಿಕ್ಕದು. ಜಠರದ ಬಾಯಿಯ ಸ್ನಾಯು ಎಷ್ಟು ಬಿಗಿಯೆಂದರೆ ಕುದುರೆ ವಾಂತಿ ಮಾಡಲಾರದು. ತುಂಬಿ ಉಬ್ಬಿದರೆ ಒಡೆಯಬಹುದೇ ಹೊರತು ಮೇಲಕ್ಕೆ ಬರುವುದಿಲ್ಲ. ನಾರನ್ನು ಹುದುಗಿಸುವ ಕೆಲಸವೆಲ್ಲ ಹಿಂಭಾಗದ ದೊಡ್ಡ ಕರುಳಿನಲ್ಲಿ ನಡೆಯುತ್ತದೆ. ಆ ದೊಡ್ಡ ಕರುಳು ಒಂದು ಕಡೆ ಹಿಂದಕ್ಕೆ ಮಡಚಿಕೊಂಡು ಇದ್ದಕ್ಕಿದ್ದಂತೆ ಕಿರಿದಾಗುತ್ತದೆ. ಒಣಗಿದ, ಸರಿಯಾಗಿ ಅಗಿಯದ, ನೀರಿಲ್ಲದ ಮೇವು ಬಂದು ಗಟ್ಟಿಯಾಗಿ ಕೂರುವುದು ಸಾಮಾನ್ಯವಾಗಿ ಆ ತಿರುವಿನಲ್ಲಿಯೇ. ನಿಮ್ಮ ಮೊದಲ ಪ್ರಸಂಗದಲ್ಲಿ ಮೇವಿನ ಬದಲಾವಣೆ, ಏಳು ಗಂಟೆಗಳ ಬಾಯಾರಿಕೆ, ಕೊನೆಗೆ ಎರಡು ಪಟ್ಟು ಕಾಳು, ಈ ಮೂರೂ ಒಂದೇ ದಿನ ಕೂಡಿವೆ. ಹುಲ್ಲೋ ಹುರುಳಿಯೋ ಎಂದು ಒಂದನ್ನೇ ದೂರುವಂತಿಲ್ಲ.

ಗೊಟ್ಟದ ವಿಷಯವನ್ನು ಖಡಾಖಂಡಿತವಾಗಿ ಹೇಳಬೇಕು, ಏಕೆಂದರೆ ಹಿರಿಯರ ಮನಸ್ಸು ನೋಯುತ್ತದೆಂದು ಸುಮ್ಮನಿದ್ದರೆ ಮುಂದಿನ ಸಲ ಕುದುರೆ ಉಳಿಯದೆ ಹೋಗಬಹುದು. ಕುದುರೆ ಬಾಯಿಯಿಂದ ಉಸಿರಾಡುವ ಪ್ರಾಣಿಯಲ್ಲ. ಮೂಗೊಂದೇ ಅದರ ಉಸಿರಿನ ದಾರಿ. ಆ ದಾರಿಗೇ ಎಣ್ಣೆ ಸುರಿದರೆ ಅದು ಶ್ವಾಸಕೋಶಕ್ಕೆ ಇಳಿಯುವುದು ಅತಿ ಸುಲಭ, ಎಣ್ಣೆ ನುಣುಪಾಗಿರುವುದರಿಂದ ಕೆಲವೊಮ್ಮೆ ಕೆಮ್ಮು ಕೂಡ ಬಾರದೆ ಇಳಿದುಬಿಡುತ್ತದೆ. ನಿಮ್ಮ ಕುದುರೆ ಮೂರು ದಿನ ಕೆಮ್ಮಿದ್ದಕ್ಕೆ ಅದೇ ಕಾರಣವಿರಬೇಕು. ವೈದ್ಯರು ಇಳಿಸಿದ ಕೊಳವೆಯೂ ಮೂಗಿನಿಂದಲೇ ಹೋಗುತ್ತದೆಯಲ್ಲವೇ ಎಂದು ನೀವು ಕೇಳಬಹುದು. ಅದು ಅನ್ನನಾಳವನ್ನು ಹಾದು ಜಠರ ಮುಟ್ಟಿದೆಯೆಂದು ಖಚಿತಪಡಿಸಿಕೊಂಡು, ಜಠರದಲ್ಲಿ ಕಟ್ಟಿಕೊಂಡ ನೀರು ಹಿಂದಕ್ಕೆ ಬರುತ್ತದೆಯೇ ಎಂದು ನೋಡಿ, ಬರುತ್ತಿದ್ದರೆ ಎಣ್ಣೆಯನ್ನು ಹಾಕದೆ ಖಾಲಿ ಮಾಡಿ, ಬಾರದಿದ್ದರೆ ಮಾತ್ರ ಲಿಕ್ವಿಡ್ ಪ್ಯಾರಾಫಿನ್ ಎಂಬ ಎಣ್ಣೆಯನ್ನು ಹಾಕುವುದು ಕ್ರಮ. ಬಿದಿರಿನ ಗೊಟ್ಟಕ್ಕೆ ಈ ವಿವೇಚನೆ ಸಾಧ್ಯವಿಲ್ಲ. ಇನ್ನೂ ಒಂದು ವಾರ ಬೆಳಗ್ಗೆ ಸಂಜೆ ಜ್ವರ ನೋಡಿ.

ನಡೆಸುವ ಬಗ್ಗೆ ನಜರ್‌ಬಾದಿನವರು ಹೇಳಿದ್ದು ಸರಿ. ಹತ್ತು ಹದಿನೈದು ನಿಮಿಷ ನಿಧಾನವಾಗಿ ನಡೆಸುವುದರಿಂದ ಕರುಳಿನ ಚಲನೆಗೆ ಸಹಾಯವಾಗುತ್ತದೆ. ಸುಮ್ಮನೆ ಮಲಗಿರುವ ಕುದುರೆಯನ್ನು ಎಬ್ಬಿಸಬೇಕಾಗಿಲ್ಲ. ರಭಸದಿಂದ ಹೊರಳಾಡಿ ತಲೆ, ಕಾಲು ಬಡಿದುಕೊಳ್ಳುವಾಗ ಮಾತ್ರ, ಅದೂ ನಿಮಗೆ ಪೆಟ್ಟಾಗದಂತೆ, ಬಯಲಿಗೆ ತನ್ನಿ. ವೈದ್ಯರು ಬರುವವರೆಗೆ ಮೇವು, ಕಾಳು ಎರಡನ್ನೂ ತೆಗೆದುಬಿಡಿ.

ಆದರೆ ಬೂಸಾದ ವಿಷಯದಲ್ಲಿ ಅವರ ಮಾತನ್ನು ನಾನು ಒಪ್ಪಲಾರೆ. ದಣಿದ ದಿನ ಒಂದು ಹೊತ್ತು ಕೊಟ್ಟರೆ ಬಾಧಕವಿಲ್ಲ. ದಿನವೂ ಎರಡು ಹೊತ್ತು ಎಂದರೆ ಅದು ನಿಧಾನವಾಗಿ ಮೂಳೆಯನ್ನು ತಿನ್ನುತ್ತದೆ. ಗೋಧಿಬೂಸಾದಲ್ಲಿಯೂ ಅಕ್ಕಿತೌಡಿನಲ್ಲಿಯೂ ರಂಜಕ ಅತಿ ಹೆಚ್ಚು, ಸುಣ್ಣದ ಅಂಶ ಅತಿ ಕಡಿಮೆ. ಇದರ ಮೇಲೆ ನಮ್ಮ ನಾಲೆಯ ಬಯಲಿನಲ್ಲಿ ಎಲ್ಲರೂ ಬೆಳೆಯುವ ನೇಪಿಯರ್ ಹುಲ್ಲಿನಲ್ಲಿ ಆಕ್ಸಲೇಟ್ ಇದ್ದು, ಇರುವಷ್ಟು ಸುಣ್ಣವನ್ನೂ ಅದು ಕಟ್ಟಿಹಾಕುತ್ತದೆ. ಹಸುವಿನ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಆಕ್ಸಲೇಟನ್ನು ಬಹುಮಟ್ಟಿಗೆ ಒಡೆದುಬಿಡುವುದರಿಂದ ಅದಕ್ಕೆ ಅಷ್ಟು ತೊಂದರೆಯಿಲ್ಲ. ಕುದುರೆಯಾದರೋ ರಕ್ತಕ್ಕೆ ಬೇಕಾದ ಸುಣ್ಣವನ್ನು ತನ್ನ ಮೂಳೆಯಿಂದಲೇ ತೆಗೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ಹೀಗಾದರೆ ಮುಖದ ಎರಡು ಪಕ್ಕದ ಮೂಳೆ ಊದಿ ತಲೆ ದಪ್ಪಗೆ ಕಾಣುತ್ತದೆ, ಕಾರಣ ತಿಳಿಯದ ಕುಂಟು ಬರುತ್ತದೆ. ಒಳ್ಳೆಯ ಒಣಹುಲ್ಲು, ಗರಿಕೆ, ಸ್ವಲ್ಪ ಲೂಸರ್ನ್, ನಮ್ಮಲ್ಲಿ ಅದಕ್ಕೆ ಕುದುರೆ ಮಸಾಲೆ ಎಂಬ ಹೆಸರೇ ಇದೆಯಲ್ಲ, ಇವು ಸಿಗುವುದಾದರೆ ಬೂಸಾಗಿಂತ ಮೇಲು. ರಾಗಿಹುಲ್ಲು ಭತ್ತದ ಹುಲ್ಲಿಗಿಂತ ಉತ್ತಮ. ಕಬ್ಬಿನ ಸೋಗೆಯನ್ನು ಕೊಡಲೇಬೇಕಾದರೆ ಅಂದೇ ಕಡಿದದ್ದನ್ನು, ಸಣ್ಣಗೆ ಕತ್ತರಿಸಿ, ಬೇರೆ ಹುಲ್ಲಿನೊಡನೆ ಬೆರೆಸಿ ಕೊಡಿ. ರಾಶಿ ಹಾಕಿ ಒಳಗೆ ಕಾವು ಹಿಡಿದ ಸೋಗೆಯನ್ನು ಮುಟ್ಟಿಸಬೇಡಿ. ಯಾವ ಮೇವನ್ನು ಬದಲಾಯಿಸುವುದಾದರೂ ಹತ್ತು ದಿನವಾದರೂ ತೆಗೆದುಕೊಂಡು, ಹಳೆಯದನ್ನು ಇಳಿಸುತ್ತ ಹೊಸದನ್ನು ಏರಿಸಿ.

ಈಗ ನಾನು ನಿಮ್ಮನ್ನು ಕೇಳಬೇಕಾದ ಪ್ರಶ್ನೆಗಳಿವೆ. ಎರಡನೆಯ ಸಲ ಮೆರವಣಿಗೆಯೂ ಇಲ್ಲ, ಕಾಳೂ ಹೆಚ್ಚಿಲ್ಲ ಎಂದಿರಿ. ನನ್ನ ಅನುಮಾನ ಅಲ್ಲಿದೆ. ಲದ್ದಿಯನ್ನು ಒಡೆದು ನೋಡಿದರೆ ಬೆರಳುದ್ದದ ನಾರು, ಇಡಿಯಾದ ಹುರುಳಿ ಕಾಣುತ್ತದೆಯೇ? ಅಗಿದ ಹುಲ್ಲಿನ ಉಂಡೆಗಳು ಗೋದಲಿಯಲ್ಲಿ ಉದುರಿರುತ್ತವೆಯೇ? ಆ ವಾರದಲ್ಲಿ ಹುಳುವಿನ ಔಷಧಿಯನ್ನಾಗಲಿ, ಮೈಗೆ ಹಚ್ಚುವ ಯಾವುದೇ ಔಷಧಿಯನ್ನಾಗಲಿ ಬಳಸಿದಿರಾ? ಮೂರನ್ನೂ ಯೋಚಿಸಿ ಬರೆಯಿರಿ.

ಪ್ರಶ್ನೆ ಕೇಳಿದವರು: ಗಂಜಾಂ

ಡಾಕ್ಟರೇ, ತಮ್ಮ ಪ್ರಶ್ನೆಗಳನ್ನು ಓದಿದ ಮೇಲೆ ಲಾಯಕ್ಕೆ ಹೋಗಿ ಲದ್ದಿಯನ್ನು ಒಡೆದು ನೋಡಿದೆ. ನಾರು ಬೆರಳಿಗಿಂತಲೂ ಉದ್ದವಾಗಿದೆ, ಹುರುಳಿ ಕಾಳುಗಳು ನೆನೆಹಾಕಿದಂತೆಯೇ ಇಡಿಯಾಗಿವೆ. ಗೋದಲಿಯ ಕೆಳಗೆ ಸುರುಳಿ ಸುತ್ತಿದಂಥ ಹುಲ್ಲಿನ ಉಂಡೆಗಳು ಬಿದ್ದಿರುವುದನ್ನು ನಾವು ಬಹುದಿನಗಳಿಂದ ನೋಡುತ್ತಿದ್ದೇವೆ. ಆಟವಾಡಿ ಉಗುಳುತ್ತದೆಂದು ತಿಳಿದಿದ್ದೆವು.

ಮೂರನೆಯ ಪ್ರಶ್ನೆಗೆ ಉತ್ತರ ಬರೆಯಲು ಸಂಕೋಚವಾಗುತ್ತಿದೆ. ಎರಡನೆಯ ಸಲ ನೋವು ಬರುವ ಎರಡು ದಿನ ಮುಂಚೆ ಹಸುಗಳಿಗೆ ಉಣ್ಣೆ ಔಷಧಿಯನ್ನು ನೀರಿಗೆ ಬೆರೆಸಿ ಮೈಗೆ ಹಚ್ಚಿದ್ದೆವು. ಬಕೆಟ್ಟಿನಲ್ಲಿ ಸ್ವಲ್ಪ ಉಳಿದಿತ್ತು. ಕುದುರೆಯ ಕಿವಿಯ ಬುಡದಲ್ಲಿ, ಬಾಲದ ಕೆಳಗೆ ಒಂದೆರಡು ಉಣ್ಣೆ ಕಂಡಿದ್ದರಿಂದ, ಚೆಲ್ಲುವುದೇಕೆಂದು ಅದರ ಮೈಗೂ ಒರೆಸಿದೆ. ಬಾಟಲಿಯನ್ನು ಈಗ ತೆಗೆದು ಓದಿದೆ, ಅದರಲ್ಲಿ ಅಮಿಟ್ರಾಜ್ ಎಂದಿದೆ. ಆ ಸಂಜೆ ಕುದುರೆ ತಲೆ ಇಳಿಬಿಟ್ಟು ತೂಕಡಿಸುವಂತೆ ನಿಂತಿತ್ತು. ಬಿಸಿಲಿನ ದಣಿವೆಂದು ಸುಮ್ಮನಾದೆವು.

ನಿವೃತ್ತ ಪಶುವೈದ್ಯ, ಮಂಡ್ಯ

ಸಂಕೋಚ ಬೇಡ. ತಾವು ಬರೆದುದರಿಂದ ಇದನ್ನು ಓದುವ ಇನ್ನೊಬ್ಬರ ಕುದುರೆ ಉಳಿಯಬಹುದು.

ಅಮಿಟ್ರಾಜ್ ಹಸು, ಎಮ್ಮೆ, ನಾಯಿಗಳ ಮೇಲಿನ ಉಣ್ಣೆಗೆ ಬಳಕೆಯಲ್ಲಿರುವ ಔಷಧಿ. ಕುದುರೆಗೆ ಅದನ್ನು ಬಳಸಲೇಬಾರದು. ಚರ್ಮದ ಮೂಲಕ ರಕ್ತಕ್ಕೆ ಸೇರಿ ಅದು ಮಂಪರು ತರುತ್ತದೆ ಮತ್ತು ಕರುಳಿನ ಚಲನೆಯನ್ನು ಕುಗ್ಗಿಸುತ್ತದೆ. ಚಲಿಸದ ಕರುಳಿನಲ್ಲಿ ಮೇವು ನಿಂತು, ಅದರ ನೀರಿನಂಶವೆಲ್ಲ ಹೀರಿಹೋಗಿ, ಒಂದೆರಡು ದಿನಗಳಲ್ಲಿ ಬಿರಡೆಯಂತೆ ಗಟ್ಟಿಯಾಗುತ್ತದೆ. ತಾವು ವರ್ಣಿಸಿದ ತೂಕಡಿಕೆಯೂ, ಎರಡು ದಿನಗಳ ಅಂತರವೂ ಇದಕ್ಕೆ ಸರಿಹೊಂದುತ್ತವೆ. ಮೊದಲೇ ಸರಿಯಾಗಿ ಅಗಿಯದ ಕುದುರೆಗೆ ಇದು ಸೇರಿದ್ದರಿಂದ ನೋವು ಬಂದದ್ದು ಆಶ್ಚರ್ಯವಲ್ಲ. ಕುದುರೆಯ ಉಣ್ಣೆಗೆ ಪರ್ಮೆಥ್ರಿನ್ ಗುಂಪಿನ ಔಷಧಿಗಳಿವೆ, ಪ್ರಮಾಣವನ್ನು ನಿಮ್ಮ ವೈದ್ಯರಿಂದಲೇ ಬರೆಸಿಕೊಳ್ಳಿ. ಒಂದೆರಡೇ ಇದ್ದರೆ ಕೈಯಿಂದ ಕಿತ್ತು ತೆಗೆಯುವುದು ಎಲ್ಲಕ್ಕಿಂತ ಸುಲಭ.

ಮಾತು ಬಂದಿದ್ದರಿಂದ ಇನ್ನೆರಡು ವಸ್ತುಗಳನ್ನೂ ಹೇಳಿಬಿಡುತ್ತೇನೆ. ಕೋಳಿಫಾರಂ ಇರುವ ಮನೆಗಳಲ್ಲಿ ಮಿಕ್ಕ ಕೋಳಿ ಆಹಾರವನ್ನು ಕುದುರೆಯ ಬಾನಿಗೆ ಸುರಿಯುವ ರೂಢಿಯಿದೆ. ಅದರಲ್ಲಿ ಮೊನೆನ್ಸಿನ್ ಎಂಬ ಔಷಧಿ ಬೆರೆತಿರಬಹುದು; ಕೋಳಿಗೆ ಏನೂ ಮಾಡದ ಪ್ರಮಾಣ ಕುದುರೆಯ ಹೃದಯದ ಸ್ನಾಯುವನ್ನು ಕೆಡಿಸಿ ಕೊಲ್ಲಬಲ್ಲದು. ಎರಡನೆಯದು ನೋವಿನ ಇಂಜೆಕ್ಷನ್. ಹಸುವಿಗೆಂದು ತಂದಿಟ್ಟದ್ದನ್ನು ತಾವೇ ಚುಚ್ಚುವುದರಿಂದ ನೋವು ಅಡಗಿದಂತೆ ಕಂಡು, ಕರುಳು ತಿರುಚಿಕೊಂಡಿದ್ದರೂ ತಿಳಿಯದೆ, ಶಸ್ತ್ರಚಿಕಿತ್ಸೆಗೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೋ ಬೇರೆಡೆಗೋ ಸಾಗಿಸುವ ಹೊತ್ತು ಮೀರಿಹೋಗುತ್ತದೆ. ಡೈಕ್ಲೋಫೆನಾಕನ್ನಂತೂ ಪ್ರಾಣಿಗಳಿಗೆ ಕೊಡುವುದನ್ನು ದೇಶದಲ್ಲಿ 2006ರಿಂದ ನಿಷೇಧಿಸಲಾಗಿದೆ, ಏಕೆಂದರೆ ಅದನ್ನು ಪಡೆದು ಸತ್ತ ಪ್ರಾಣಿಯನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತವೆ. ನಮ್ಮ ಪಕ್ಕದ ರಾಮನಗರದ ರಾಮದೇವರಬೆಟ್ಟದಲ್ಲಿ ರಣಹದ್ದುಗಳಿಗಾಗಿಯೇ ಅಭಯಾರಣ್ಯ ಇರುವಾಗ ನಾವು ಇದನ್ನು ಮರೆಯಬಾರದು.

ಹಲ್ಲಿನ ವಿಷಯಕ್ಕೆ ಬರುತ್ತೇನೆ. ಕುದುರೆಯ ದವಡೆಹಲ್ಲು ವರ್ಷಕ್ಕೆ 2ರಿಂದ 3 ಮಿಲಿಮೀಟರಿನಷ್ಟು ಹೊರಬರುತ್ತಲೇ ಇರುತ್ತದೆ, ಅಗಿಯುತ್ತ ಸವೆಯುತ್ತಲೂ ಇರುತ್ತದೆ. ಮೇಲ್ದವಡೆ ಕೆಳದವಡೆಗಿಂತ ಅಗಲವಾದ್ದರಿಂದ, ಮೇಲಿನ ಹಲ್ಲಿನ ಹೊರ ಅಂಚೂ ಕೆಳಗಿನ ಹಲ್ಲಿನ ಒಳ ಅಂಚೂ ಸವೆಯದೆ ಕೊಡಲಿಯಂತೆ ಹರಿತವಾಗಿ ಕೆನ್ನೆಯನ್ನೂ ನಾಲಗೆಯನ್ನೂ ಕೊಯ್ಯುತ್ತವೆ. ನೋವಿಗೆ ಹೆದರಿ ಕುದುರೆ ಅರ್ಧ ಅಗಿದು ಉಗುಳುತ್ತದೆ, ಇಲ್ಲವೇ ಹಾಗೆಯೇ ನುಂಗುತ್ತದೆ. ನಿಮ್ಮ ಗೋದಲಿಯ ಕೆಳಗಿನ ಉಂಡೆಗಳು ಅವೇ. ಮಂಪರು ಕೊಟ್ಟು, ಬಾಯಿ ತೆರೆದಿಡುವ ಸಾಧನ ಹಾಕಿ, ಅರದಿಂದ ಆ ಅಂಚುಗಳನ್ನು ಉಜ್ಜಿ ತೆಗೆಯಬೇಕು. ಇದನ್ನು ರೂಢಿಯಿರುವ ವೈದ್ಯರಿಂದಲೇ ಮಾಡಿಸಿ. 16 ವರ್ಷದ ಕುದುರೆಯ ಬಾಯನ್ನು ಆರು ತಿಂಗಳಿಗೊಮ್ಮೆಯಾದರೂ ನೋಡಿಸಬೇಕು. ಅದುವರೆಗೆ ಹುರುಳಿಯನ್ನು ಬೇಯಿಸಿ ನುರಿದು ಕೊಡಿ, ಹುಲ್ಲನ್ನು ಕತ್ತರಿಸಿ ನೀರಿನಲ್ಲಿ ನೆನೆಸಿ ಹಾಕಿ.

ಉತ್ತರ: ಕುವೆಂಪುನಗರ, ಮೈಸೂರು

ನಾನು ಸವಾರಿ ಕಲಿಯುತ್ತ, ನಮ್ಮ ಗುರುಗಳ ಲಾಯದಲ್ಲಿ ಬೆಳಗಿನ ಕೆಲಸಕ್ಕೆ ನೆರವಾಗುವವಳು. ಡಾಕ್ಟರ ಮಾತಿಗೆ ಸೇರಿಸಲು ನನ್ನಲ್ಲಿ ದೊಡ್ಡ ವಿದ್ಯೆಯೇನೂ ಇಲ್ಲ, ಒಂದು ಅಭ್ಯಾಸವಿದೆ. ಪ್ರತಿ ಕುದುರೆಗೂ ಒಂದು ನೋಟ್‌ಬುಕ್ ಇಟ್ಟು, ಕುದುರೆ ಆರೋಗ್ಯವಾಗಿರುವಾಗಲೇ ನಾಡಿ, ಉಸಿರು, ಮೈಶಾಖ, ದಿನಕ್ಕೆ ಎಷ್ಟು ಸಲ ಲದ್ದಿ, ಎಷ್ಟು ಬಕೆಟ್ ನೀರು ಎಂದು ಬರೆದಿಡುತ್ತೇವೆ. ಕಾಯಿಲೆ ಬಿದ್ದ ರಾತ್ರಿ ಮೊದಲ ಸಲ ನಾಡಿ ಹಿಡಿದರೆ ಅದು ಹೆಚ್ಚೋ ಕಡಿಮೆಯೋ ಯಾರಿಗೆ ತಿಳಿಯುತ್ತದೆ?

ವಿಶ್ರಾಂತಿಯಲ್ಲಿರುವ ದೊಡ್ಡ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16, ಮೈಶಾಖ 99ರಿಂದ 101 ಡಿಗ್ರಿ ಫ್ಯಾರನ್‌ಹೀಟ್ ಎಂದು ನಮಗೆ ಕಲಿಸಿದ್ದಾರೆ. ನಾಡಿಯನ್ನು ಕೆಳದವಡೆಯ ಒಳ ಅಂಚಿನಲ್ಲಿ ಹಗ್ಗದಂತೆ ಹೊರಳುವ ರಕ್ತನಾಳದ ಮೇಲೆ ಬೆರಳಿಟ್ಟು ಎಣಿಸುತ್ತೇವೆ. ಒಸಡನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟರೆ ಬಿಳುಪು ಹೋಗಿ ಎರಡು ಸೆಕೆಂಡಿನೊಳಗೆ ನಸುಗೆಂಪು ಮರಳಬೇಕು. ಹೊಟ್ಟೆನೋವಿನಲ್ಲಿ ನಾಡಿ 60 ದಾಟಿದ್ದರೆ, ಒಸಡು ಕಡುಗೆಂಪಾಗಿಯೋ ನೀಲಿಯಾಗಿಯೋ ಇದ್ದರೆ, ಬೆಳಗಾಗಲಿ ನೋಡೋಣ ಎನ್ನುವ ಹಾಗಿಲ್ಲ. ಥರ್ಮಾಮೀಟರಿಗೆ ದಾರ ಕಟ್ಟಿ ಬಾಲಕ್ಕೆ ಸಿಕ್ಕಿಸುವುದನ್ನು ಮರೆಯಬೇಡಿ. ಮರೆತವರ ಕಥೆ ನಮ್ಮ ಲಾಯದಲ್ಲಿ ಇಂದಿಗೂ ನಗೆಯ ವಸ್ತು.

ಹೊಳೆದಂಡೆಯಲ್ಲಿ ಕಟ್ಟಿ ಮೇಯಿಸುತ್ತೇವೆ ಎಂದು ಬರೆದಿದ್ದೀರಿ. ಮರಳಿನ ಮೇಲೆ ಗಿಡ್ಡ ಹುಲ್ಲನ್ನು ಕಿತ್ತು ತಿನ್ನುವ ಕುದುರೆಯ ಕರುಳಿನಲ್ಲಿ ಮರಳು ಶೇಖರವಾಗಿಯೂ ಶೂಲೆ ಬರುತ್ತದೆ. ಆರೇಳು ಲದ್ದಿಯುಂಡೆಗಳನ್ನು ನೆಲಕ್ಕೆ ತಾಗದ ಮೇಲ್ಭಾಗದಿಂದ ತೆಗೆದು, ಪಾರದರ್ಶಕ ಡಬ್ಬಿಯಲ್ಲಿ ನೀರು ಹಾಕಿ ಕದಡಿ, ಅರ್ಧ ಗಂಟೆ ಬಿಟ್ಟು ನೋಡಿ; ತಳದಲ್ಲಿ ಮರಳು ಕೂತಿದ್ದರೆ ವೈದ್ಯರಿಗೆ ತಿಳಿಸಿ. ಕಾಣದಿದ್ದರೆ ಮರಳೇ ಇಲ್ಲವೆಂದು ಅರ್ಥವಲ್ಲ.

ಕುದುರೆಯನ್ನು ವೇಬ್ರಿಡ್ಜಿನಲ್ಲಿ ತೂಗಿಸಲಾಗದವರು ಟೇಪಿನಿಂದಲೇ ತೂಕವನ್ನು ಅಂದಾಜು ಮಾಡಬಹುದು. ಎದೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ, ಭುಜದ ಮುಂತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದದಿಂದ ಮತ್ತೆ ಗುಣಿಸಿ, 11,880ರಿಂದ ಭಾಗಿಸಿದರೆ ಕಿಲೋ ಸಿಗುತ್ತದೆ. ಸುತ್ತಳತೆ 155, ಉದ್ದ 145 ಇದ್ದರೆ ಸುಮಾರು 293 ಕಿಲೋ. ಅಷ್ಟು ತೂಕದ ಕುದುರೆಗೆ ದಿನಕ್ಕೆ ನಾಲ್ಕೂವರೆಯಿಂದ ಆರು ಕಿಲೋ ಒಣಮೇವಿಗೆ ಸಮನಾದ ಆಹಾರ ಬೇಕು. ಹುಳುವಿನ ಔಷಧಿಯನ್ನೂ ಈ ತೂಕಕ್ಕೆ ಸರಿಯಾಗಿ ಕೊಡಬೇಕು, ಕಣ್ಣಂದಾಜಿನಲ್ಲಿ ಅಲ್ಲ.

ಸಹಾಯವಾಣಿ 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶುಚಿಕಿತ್ಸಾ ವಾಹನ ಮನೆಬಾಗಿಲಿಗೆ ಬರುವ ವ್ಯವಸ್ಥೆ ನಮ್ಮ ರಾಜ್ಯದಲ್ಲಿದೆ. ಆದರೂ ಕುದುರೆ ನೋಡಿ ಅಭ್ಯಾಸವಿರುವ ಒಬ್ಬರು ವೈದ್ಯರ ಸಂಖ್ಯೆಯನ್ನು ಲಾಯದ ಬಾಗಿಲಿನ ಮೇಲೆ ಬರೆದಿಡಿ. ಶೂಲೆ ಬರುವುದು ಹೆಚ್ಚಾಗಿ ರಾತ್ರಿ, ಅದೂ ಭಾನುವಾರ, ಎಂದು ನಮ್ಮ ಗುರುಗಳು ಹೇಳುತ್ತಾರೆ.

ಪ್ರಶ್ನೆ ಕೇಳಿದವರು: ಗಂಜಾಂ

ಒಂದು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ವೈದ್ಯರು ಬಂದು ಮಂಪರು ಕೊಟ್ಟು ಬಾಯಿ ತೆರೆದು ತೋರಿಸಿದರು. ಎಡಗಡೆಯ ಮೇಲ್ದವಡೆಯ ಕೊನೆಯ ಹಲ್ಲಿನಲ್ಲಿ ಕೊಕ್ಕೆಯಂಥ ಮೊನೆ ಬೆಳೆದಿತ್ತು, ಕೆನ್ನೆಯ ಒಳಗೆ ಎರಡು ಹುಣ್ಣುಗಳಿದ್ದವು. ಅರದಿಂದ ಉಜ್ಜಿದ್ದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಎಂಟು ದಿನಗಳಲ್ಲಿ ಗೋದಲಿಯ ಕೆಳಗಿನ ಉಂಡೆಗಳು ನಿಂತವು, ಲದ್ದಿಯ ನಾರು ಗಿಡ್ಡವಾಗಿದೆ. ಮರಳಿನ ಪರೀಕ್ಷೆಯನ್ನೂ ಮಾಡಿದೆ. ಚಮಚದ ತುದಿಯಷ್ಟು ಕೂತಿತ್ತು. ವೈದ್ಯರು ಗಾಬರಿಪಡಬೇಕಾಗಿಲ್ಲವೆಂದರು, ಆದರೂ ಮೇಯಿಸುವ ಜಾಗವನ್ನು ಮೇಲಿನ ತೋಟಕ್ಕೆ ಬದಲಾಯಿಸಿದ್ದೇನೆ. ಕೆಮ್ಮು ಇಲ್ಲ, ಜ್ವರವೂ ಬರಲಿಲ್ಲ.

ನಾಡಿ ಬೆಳಗ್ಗೆ 36ರಿಂದ 40ರೊಳಗೆ ಇರುತ್ತದೆ. ಮೊದಲ ವಾರ ನನಗೆ ರಕ್ತನಾಳ ಸಿಗುತ್ತಲೇ ಇರಲಿಲ್ಲ. ನಮ್ಮ ಮಗಳಿಗೆ ಮೊದಲ ದಿನವೇ ಸಿಕ್ಕಿತು, ಈಗ ನೋಟ್‌ಬುಕ್ ಅವಳ ವಶದಲ್ಲಿದೆ.

ಗೊಟ್ಟ ಹಾಕಿದ ಹಿರಿಯರಿಗೆ ವಿಷಯ ಹೇಗೆ ಹೇಳುವುದೆಂದು ಯೋಚಿಸುತ್ತಿದ್ದೆ. ಹಲ್ಲು ಉಜ್ಜುವ ದಿನ ಅವರನ್ನೂ ಕರೆದಿದ್ದೆ. ವೈದ್ಯರು ಕುದುರೆಯ ಮೂಗಿನ ಮುಂದೆ ಅಂಗೈ ಹಿಡಿದು ಉಸಿರನ್ನು ತೋರಿಸಿ, ಬಾಯಿಯಿಂದ ಉಸಿರೇ ಇಲ್ಲವೆಂದು ವಿವರಿಸಿದಾಗ, ಅವರೂ ಕೈ ಹಿಡಿದು ನೋಡಿ ಸುಮ್ಮನೆ ತಲೆಯಾಡಿಸಿದರು. ನಮ್ಮ ತಾಯಿ ಮಾತ್ರ ನಡೆಸುವ ವಿಷಯದಲ್ಲಿ ಇನ್ನೂ ಒಪ್ಪಿಲ್ಲ.

ಮುಂದಿನ ವಾರ ಮೇಲುಕೋಟೆಯ ಕಡೆ ಒಂದು ಮೆರವಣಿಗೆಗೆ ಒಪ್ಪಿಕೊಂಡಿದ್ದೇನೆ. ಎರಡು ಗಂಟೆಗೊಮ್ಮೆ ಅರ್ಧ ಗಂಟೆ ಬಿಡುವು, ಮನೆಯ ಬಕೆಟ್ಟು, ಜಾಲದ ಚೀಲದಲ್ಲಿ ನೆನೆಸಿದ ಹುಲ್ಲು ಎಂದು ಮದುವೆಯವರಿಗೆ ಮೊದಲೇ ಹೇಳಿದ್ದೇನೆ. ಬಿಡುವು ಕೊಡುವುದಾದರೆ ಬಾಡಿಗೆಯಲ್ಲಿ ಸ್ವಲ್ಪ ಕಡಿಮೆ ಮಾಡಿಕೊಳ್ಳಿ ಎಂದು ಅವರು ಚೌಕಾಸಿ ಮಾಡಿದರು, ಮಾಡಿಕೊಂಡೆ.